ಸೊರಬದಿಂದ ಸರಿಯಾಗಿ ಬಂದ ಓವನ್

ಶಿಕಾರಿಪುರದಲ್ಲಿ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವ ಚಾಳಿ ಶುರುವಾದದ್ದು ಕಲರ್ ಟೀವಿ ಬಂದ ಮೇಲೆ. ಅದಕ್ಕೆ ಮುಂಚೆ ಮಕ್ಕಳಿಗೆ ಎಣ್ಣೆ ಹಚ್ಚಿ ನೀರೆರೆದು, ಆರತಿ ಎತ್ತಿ, ಶಾವಿಗೆ ಪಾಯಸ ಬಡಿಸಿದರೆ ಮುಗಿಯಿತು. ಟೀವಿಯಲ್ಲಿ ಮೇಣದಬತ್ತಿ ಊದುವುದನ್ನು ಕಂಡ ಮಕ್ಕಳು ಹಟ ಹಿಡಿದವು. ಗದರಿಸಿ ಕೂರಿಸಬಹುದಿತ್ತು, ಆದರೆ ದೊಡ್ಡವರಿಗೂ ಒಳಗೊಳಗೇ ಆಸೆ. ತೊಡಕು ಒಂದೇ: ಬೇಕರಿಯ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಗಳ ಹೊಸ್ತಿಲನ್ನು ಅದು ದಾಟುವಂತಿಲ್ಲ. ಆ ಮನೆಗಳ ಗಂಡಸರು ಸಂಜೆ ಬಸ್‌ಸ್ಟ್ಯಾಂಡಿನ ಹಿಂದಿನ ಗಾಡಿಯಲ್ಲಿ ಏನು ತಿನ್ನುತ್ತಾರೆ ಎಂಬುದು ಬೇರೆ ಮಾತು. ಅದನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಈ ತೊಡಕಿನಿಂದಲೇ ನೀಲಾಂಬಿಕಳ ಬದುಕು ಒಂದಷ್ಟು ಕಾಲ ನೆಟ್ಟಗೆ ನಿಂತಿತ್ತು.

ಆಕೆಯ ಗಂಡ ಪರಮಶಿವಪ್ಪ ಸೊರಬದ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಕಾಮಾಲೆ ಬಂದು ಒಂದು ಬೇಸಿಗೆಯಲ್ಲಿ ಹೋಗಿಬಿಟ್ಟ. ಮಗಳು ದೀಪಶ್ರೀಯನ್ನು ಕರೆದುಕೊಂಡು ನೀಲಾಂಬಿಕ ಶಿಕಾರಿಪುರಕ್ಕೆ, ಮೈದುನ ಕೊಟ್ರೇಶನ ಮನೆಗೆ ಬಂದಳು. ಗೊಬ್ಬರದ ಅಂಗಡಿ ಇಟ್ಟಿದ್ದ ಕೊಟ್ರೇಶ ಕೆಟ್ಟವನಲ್ಲ. ಅವನ ಹೆಂಡತಿ ಗಂಗಾಶ್ರೀಯೂ ಕೆಟ್ಟವಳಲ್ಲ. ಆದರೆ "ಅಕ್ಕಾ, ಒಂಚೂರು ಬರ್ತೀರಾ?" ಎಂದು ಅವಳು ಕರೆಯುವುದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಪಾತ್ರೆಗೆ ಅಕ್ಕ, ರೊಟ್ಟಿಗೆ ಅಕ್ಕ, ನೆಂಟರು ಬಂದರೆ ಅಕ್ಕ, ನೆಂಟರ ಮಕ್ಕಳು ಹಾಸಿಗೆ ಒದ್ದೆ ಮಾಡಿದರೆ ಅಕ್ಕ. ಅನ್ನದ ಮಾತನ್ನು ಯಾರೂ ಎತ್ತಿ ಆಡಲಿಲ್ಲ. ಆಡದಿದ್ದರೂ ಅದು ತಟ್ಟೆಯ ಪಕ್ಕದಲ್ಲೇ ಕುಳಿತಿರುತ್ತಿತ್ತು.

ಆಗ ಎದುರು ಮನೆಯಲ್ಲಿದ್ದ ಬ್ಯಾಂಕ್ ಮ್ಯಾನೇಜರರ ಹೆಂಡತಿ ನೀಲಾಂಬಿಕಳಿಗೆ ಮೊಸರು, ಸೋಡಾ, ಡಬ್ಬಿಹಾಲು ಹಾಕಿ ಮೊಟ್ಟೆಯಿಲ್ಲದ ಕೇಕು ಮಾಡುವುದನ್ನು ಹೇಳಿಕೊಟ್ಟಳು. ಮ್ಯಾನೇಜರರಿಗೆ ವರ್ಗವಾದಾಗ, ಅಣ್ಣ ಫಾರಿನ್ನಿನಿಂದ ತಂದುಕೊಟ್ಟಿದ್ದ ಓವನ್ನನ್ನೂ ಬಿಟ್ಟುಕೊಟ್ಟಳು. "ಲಾರಿಯಲ್ಲಿ ಒಡೆದು ಹೋಗೋ ಬದಲು ನಿಮ್ಮ ಹತ್ತಿರ ಇರಲಿ" ಎಂದಳು. ಓವನ್ ಎದೆಯ ಮೇಲೆ ಹಸಿರು ಅಂಕಿಗಳಲ್ಲಿ ಗಂಟೆ ತೋರಿಸುತ್ತಿತ್ತು. ಕೊಟ್ರೇಶ ಹಿತ್ತಲಿನ ಕೋಣೆಗೆ ಬೇರೆ ಪ್ಲಗ್ ಹಾಕಿಸಿಕೊಟ್ಟ. ವರ್ಷ ತುಂಬುವುದರೊಳಗೆ ಊರಿನಲ್ಲಿ "ನೀಲಕ್ಕನ ಕೇಕು" ಎಂಬ ಮಾತು ಹುಟ್ಟಿತು.

ಅವಳು ಮಾಡುವ ರೀತಿಯೇ ಬೇರೆ. ಸ್ನಾನ, ಲಿಂಗಪೂಜೆ ಆಗದೆ ಮೈದಾ ಡಬ್ಬಿ ಮುಟ್ಟುತ್ತಿರಲಿಲ್ಲ. ಹಣೆಯ ವಿಭೂತಿ ಆರುವ ಮೊದಲೇ ಹಿಟ್ಟು ಕಲೆಸಿ ಆಗಿರುತ್ತಿತ್ತು. ಕೇಕಿನ ಮೇಲೆ ಮಗುವಿನ ಹೆಸರನ್ನು ದುಂಡಗೆ ಕನ್ನಡದಲ್ಲಿ ಬರೆಯುತ್ತಿದ್ದಳು. ಬೇಕರಿಯವರ ಇಂಗ್ಲಿಷಿಗಿಂತ ಅಜ್ಜಿಯರಿಗೆ ಅದು ಹಿಡಿಸುತ್ತಿತ್ತು. ಜನ ದುಡ್ಡು ಕೊಡುತ್ತಿದ್ದುದು ಸಿಹಿಗಲ್ಲ, ಅವಳ ಕೈಯ ಮೇಲಿನ ನಂಬಿಕೆಗೆ. ಆ ನಂಬಿಕೆಯಿಂದ ಅವಳು ಹಿತ್ತಲಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದಳು. ತನ್ನ ಅಕ್ಕಿ, ತನ್ನ ಬೇಳೆ, ಮಗಳ ಫೀಜು ತನ್ನದೇ. ಗಂಗಾಶ್ರೀ ಕರೆದರೆ "ಕೇಕು ಒಳಗಿಟ್ಟೀನಮ್ಮ, ಆಮೇಲೆ ಬರ್ತೀನಿ" ಎನ್ನುವ ಸುಖವನ್ನು ಅವಳು ಹಿಂದೆ ಎಂದೂ ಕಂಡಿರಲಿಲ್ಲ.

ತೊಂಬತ್ತೇಳರ ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಓವನ್ ಕೀಂ ಕೀಂ ಎಂದು ಕೂಗಿತು. ಗಂಟೆ ಇರಬೇಕಾದ ಜಾಗದಲ್ಲಿ ಎಫ್-3 ಎಂದು ಬರೆದುಕೊಂಡಿತ್ತು. ಆರಿಸಿ ಹಾಕಿದಳು, ಅದೇ. ಒಳಗೆ ಕೈಯಿಟ್ಟು ನೋಡಿದರೆ ತಣ್ಣಗಿತ್ತು. ತಟ್ಟೆಯಲ್ಲಿ ಹುಯ್ದಿಟ್ಟ ಹಿಟ್ಟು ಉಬ್ಬಿ, ಕಾದು ಕಾದು, ಕುಸಿಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಟೀವಿ ರಿಪೇರಿ ಮಾಡುತ್ತಿದ್ದ ವೀರೇಶನನ್ನು ಕೊಟ್ರೇಶ ಕರೆತಂದ. ಎಫ್ ಅಂದರೆ ಫ್ಯೂಸು, ಮೂರನೇ ಫ್ಯೂಸು ಹೋಗಿದೆ ಎಂದು ಅವನು ಬಂದವನೇ ತೀರ್ಪು ಕೊಟ್ಟ. ಮೈಯೆಲ್ಲ ಬಿಚ್ಚಿ ಹುಡುಕಿದರೆ ಸಿಕ್ಕಿದ್ದು ಒಂದೇ ಫ್ಯೂಸು, ಅದೂ ಗಟ್ಟಿಮುಟ್ಟಾಗಿತ್ತು. ಹಾಗಾದರೆ ವೋಲ್ಟೇಜು ಎಂದ. ಅಂಜನಾಪುರದ ಕಡೆ ಪಂಪ್‌ಸೆಟ್ ಹಾಕಿದರೆ ಇಲ್ಲಿ ಬಲ್ಬು ಮಂಕಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ, ಆದ್ದರಿಂದ ಎಲ್ಲರೂ ತಲೆಯಾಡಿಸಿದರು. ಸ್ಟೆಬಿಲೈಜರ್ ತಂದು ಹಾಕಿದ. ಸ್ಟೆಬಿಲೈಜರಿನ ಮುಳ್ಳು ನೆಟ್ಟಗೆ ನಿಂತಿತು, ಎಫ್-3 ಅಲುಗಲಿಲ್ಲ. ಕೊನೆಗೆ ಅವನೇ ತಲೆ ಕೆರೆದುಕೊಂಡು, ಹುಬ್ಬಳ್ಳಿಯ ದೊಡ್ಡ ಹೋಟೆಲಿನಲ್ಲಿ ಓವನ್ ನೋಡಿಕೊಳ್ಳುತ್ತಿದ್ದವರೊಬ್ಬರು ಸೊರಬದಲ್ಲಿ ಅಂಗಡಿ ಹಾಕಿದ್ದಾರೆ, ರೇಣುಕಾಪ್ರಸಾದ್ ಅಂತ ಹೆಸರು ಎಂದ.

ನೀಲಾಂಬಿಕ ಓವನ್ನಿಗೆ ಹಳೆಯ ಸೀರೆ ಸುತ್ತಿ, ಬಸ್ಸಿನ ಮೇಲೆ ಹಾಕಲು ಒಪ್ಪದೆ, ಶಿರಾಳಕೊಪ್ಪ ದಾಟಿ ಸೊರಬದವರೆಗೆ ತೊಡೆಯ ಮೇಲಿಟ್ಟುಕೊಂಡು ಹೋದಳು. ಇಳಿದಾಗ ಕಾಲು ಜೋಮು ಹಿಡಿದು ನೆಲ ಸಿಗಲಿಲ್ಲ. ಗಂಡ ಸತ್ತ ಮೇಲೆ ಆ ಊರಿಗೆ ಅವಳು ಬಂದಿರಲಿಲ್ಲ. ಮಂಡಿಯ ಕಡೆ ನೋಡದೆ ತಲೆ ತಗ್ಗಿಸಿ ನಡೆದಳು.

ರೇಣುಕಾಪ್ರಸಾದರದು ಕೆಂಪಪ್ಪನ ಬೇಕರಿಗೆ ಅಂಟಿಕೊಂಡ ಸಣ್ಣ ಅಂಗಡಿ. ನಲವತ್ತರ ಆಸುಪಾಸಿನ ಮನುಷ್ಯ, ಬಾಯಿ ಜಾಸ್ತಿ. ಓವನ್ನಿಗೆ ಕರೆಂಟು ಕೊಟ್ಟರು. ಕೀಂ ಎಂದಿತು, ಎಫ್-3.

"ಇದ್ರ ಅರ್ಥ ಏನ್ರೀ?" ಎಂದಳು ನೀಲಾಂಬಿಕ.

"ಅದು ಕಂಪ್ನಿಗೊಂದು ಥರ ಇರ್ತದೆ ಮಾರಾಯ್ರೆ. ಇದ್ರ ಬುಕ್ಕು ನಿಮ್ಮತ್ರ ಇಲ್ಲ, ನನ್ನತ್ರನೂ ಇಲ್ಲ. ಅದುನ್ನೇ ಕೇಳಣ. ಬಿಸಿಯಾದ್ಮೇಲೆ ಕೂಗ್ತದೋ, ತಣ್ಣಗಿರುವಾಗ್ಲೇ ಕೂಗ್ತದೋ?"

"ಹಾಕಿದ ಕೂಡ್ಲೇ."

"ಹಾಂ! ಕಾಯಿಲ್‌ಗೆ ಕರೆಂಟೇ ಹೋಗಿಲ್ಲ, ಅಷ್ಟ್ರೊಳಗೆ ಕೂಗ್ತದೆ. ಅಂದ್ರೆ ಕಾಯಿಲ್ ತಪ್ಪಲ್ಲ. ಒಳಗೆ ಎಷ್ಟು ಬಿಸಿ ಐತೆ ಅಂತ ಹೇಳೋದಕ್ಕೆ ಒಬ್ಬ ಇರ್ತಾನೆ. ಅವ್ನ ಮಾತು ಇದಕ್ಕೆ ಕೇಳ್ತಾ ಇಲ್ಲ."

ಹಿಂಬದಿಯ ತಗಡು ಬಿಚ್ಚಿ, ಬಿಸಿ ಹೇಳುವ ಬೆರಳುದ್ದದ ಒಂದು ಕಡ್ಡಿಯನ್ನು ಹೊರಗೆ ಎಳೆದರು. ಅದಕ್ಕೆ ಮೀಟರ್ ಹಚ್ಚಿ, ಪಕ್ಕದಿಂದ ಬಂದ ಚಹಾದ ಗ್ಲಾಸಿನಲ್ಲಿ ಕಡ್ಡಿಯನ್ನು ಅದ್ದಿದರು. ಮೀಟರಿನ ಮುಳ್ಳು ನಿಧಾನಕ್ಕೆ ಸರಿಯಿತು. ಕಡ್ಡಿ ಚೆನ್ನಾಗಿದೆ ಎಂದರು. ಆಮೇಲೆ ಕಡ್ಡಿಯಿಂದ ಒಳಗಿನ ಬೋರ್ಡಿಗೆ ಹೋಗುವ ವೈರಿಗೆ ಮೀಟರ್ ಹಚ್ಚಿದರು. ಮುಳ್ಳು ಮಿಸುಕಲಿಲ್ಲ. ವೈರನ್ನು ಬೆರಳಲ್ಲಿ ಬಾಗಿಸಿದರೆ ಒಣ ಹುಲ್ಲಿನಂತೆ ಚಟ್ ಎಂದಿತು. ಹೊರಗೆ ಹೊದಿಕೆ ಸುಸೂತ್ರ, ಒಳಗೆ ತಂತಿ ತುಂಡು.

"ಇಷ್ಟೇ ಅಕ್ಕಾ. ಮಿಷನ್ನು ಕೆಟ್ಟಿಲ್ಲ. ಬಿಸಿ ಎಷ್ಟು ಅಂತ ಗೊತ್ತಾಗ್ದೆ ಕಾಯಿಸಲ್ಲ ಅಂತ ಹಟ ಮಾಡ್ತಾ ಐತೆ. ಒಳ್ಳೇ ಬುದ್ಧಿ ಅದು. ಬಿಸಿ ತಡೆಯೋ ವೈರು ಶಿವಮೊಗ್ಗದಿಂದ ತರಿಸ್ತೀನಿ. ಮುಂದಿನ ಸೋಮವಾರ ಬನ್ನಿ."

ಅವಳಿಗೆ ಆ ಮಾತು ಬಲು ಇಷ್ಟವಾಯಿತು. ಗೊತ್ತಿಲ್ಲದೆ ಕಾಯಿಸುವುದಿಲ್ಲ ಎನ್ನುವ ಯಂತ್ರ ತನ್ನ ಜಾತಿಯದೇ ಅನಿಸಿತು. ವಾಪಸ್ ಬರುವಾಗ ಖಾಲಿ ತೊಡೆಯ ಮೇಲೆ ಕೈ ಮಡಚಿಟ್ಟುಕೊಂಡು ಎಷ್ಟೋ ಕಾಲದ ಮೇಲೆ ನಿದ್ದೆ ಮಾಡಿದಳು.

ಸೋಮವಾರ ಹೋದಾಗ ಹಸಿರು ಅಂಕಿಗಳು ಗಂಟೆ ತೋರಿಸುತ್ತಿದ್ದವು. ರೇಣುಕಾಪ್ರಸಾದರು ಹಿಂಬದಿ ಬಿಚ್ಚಿ, ಹೊಸ ಬಿಳಿ ವೈರನ್ನೂ ಅದರ ತುದಿಯ ಪುಟ್ಟ ಪಿನ್ನನ್ನೂ ತೋರಿಸಿದರು. "ಇದುನ್ನ ನೀವೇ ಎಳೀರಿ, ನೋಡಣ." ಹೆದರುತ್ತಾ ಎಳೆದಳು. ಕೀಂ, ಎಫ್-3. "ಈಗ ಒತ್ತಿ." ಒತ್ತಿದಳು. ಅವರು ಸ್ವಿಚ್ಚು ಆರಿಸಿ ಹಾಕಿದರೆ ಎಫ್-3 ಮಾಯ. ಅವಳು ಮತ್ತೊಮ್ಮೆ ಎಳೆದು, ಮತ್ತೊಮ್ಮೆ ಒತ್ತಿದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಒಂದು ವಿದ್ಯೆ ಕೈಗೆ ಬಂದಷ್ಟು ಹಿಗ್ಗಾಯಿತು, ನಕ್ಕೇಬಿಟ್ಟಳು.

"ಬಿಸಿ ಸರಿಯಾಗಿ ಬರ್ತದಾ ರೀ?"

"ಬರ್ತದಾ ಅಂತೀರಾ? ಅಷ್ಟು ಬಿಸಿ ಅಳೆಯೋ ಥರ್ಮಾಮೀಟರ್ ನನ್ನತ್ರ ಇಲ್ಲ. ಕೆಂಪಪ್ಪ ಅಂದ, ನನ್ ಪಫ್ಸ್ ಒಂದು ಟ್ರೇ ಇಡು, ಹೊತ್ತಿಗೆ ಸರಿಯಾಗಿ ಕೆಂಪಾದ್ರೆ ಬಿಸಿ ಸರಿ ಐತೆ ಅಂತ ಲೆಕ್ಕ, ಅಂತ. ಇಟ್ವಿ. ಎಂಥಾ ಬಣ್ಣ ಬಂತು ಗೊತ್ತಾ!"

ನೀಲಾಂಬಿಕಳ ನಗು ಅಲ್ಲಿಗೇ ನಿಂತಿತು. "ಯಾವ ಪಫ್ಸ್ ರೀ?"

"ಪಲ್ಯದ್ದು ಖಾಲಿಯಾಗಿತ್ತು..." ಎಂದವರು ಅವಳ ಹಣೆಯ ವಿಭೂತಿ ನೋಡಿದರು. ಅಂಗಿಯೊಳಗಿನ ಲಿಂಗದ ದಾರವನ್ನು ಬೆರಳಿಂದ ಹಿಡಿದುಕೊಂಡರು. "ಅಕ್ಕಾ, ನಾನೂ ನಿಮ್ಮೋರೇ. ತಲೆಗೇ ಹೊಳೀಲಿಲ್ಲ. ನೀವು ಕೇಕು ಮಾಡ್ತೀರಿ ಅಂದ್ರಿ, ಮೊಟ್ಟೆ ಇಲ್ದೇ ಕೇಕು ಆಗ್ತದೆ ಅಂತ ನಂಗೇನು ಗೊತ್ತು? ಒರೆಸಿಬಿಡಿ. ಯಾರಿಗೂ ಹೇಳ್ಬೇಡಿ. ಯಾರು ಕೇಳ್ತಾರೆ?" ಕೂಲಿಯನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಮನೆಗೆ ತಂದವಳು ಹುಣಸೆಹಣ್ಣು ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು. ಒಳಗೆಲ್ಲ ವಿಭೂತಿ ಸವರಿದಳು. ಬಾಗಿಲು ಮುಚ್ಚಿ ಖಾಲಿ ಓವನ್ನನ್ನು ಕಾಯಿಸಿದಳು. ಬಿಸಿಯಾಗುತ್ತಿದ್ದಂತೆ ಮೊಟ್ಟೆಯ ಆ ವಾಸನೆ ಬಂತು. ಅದು ಅವಳಿಗೆ ಹೊಸದಲ್ಲ. ಪರಮಶಿವಪ್ಪ ಮಂಡಿಯಿಂದ ತಡವಾಗಿ ಬಂದ ದಿನ, ಬಾಯಲ್ಲಿ ಏಲಕ್ಕಿ ಜಗಿಯುತ್ತಿದ್ದರೂ, ಅವನ ಅಂಗಿಯ ತೋಳಿನಲ್ಲಿ ಇದೇ ವಾಸನೆ. ಅವಳು ಒಂದು ದಿನವೂ ಕೇಳಿರಲಿಲ್ಲ. ಅಂಗಿಯನ್ನು ಬೇರೆ ಬಕೀಟಿನಲ್ಲಿ ನೆನೆಸುತ್ತಿದ್ದಳು, ಅಷ್ಟೆ. ಬಾಯಿ ಬಿಡದೆ ಇದ್ದುದರಿಂದಲೇ ಆ ಸಂಸಾರ ಜಗಳವಿಲ್ಲದೆ ನಡೆದಿತ್ತು. ಈಗಲೂ ಬಾಯಿ ಬಿಡದಿದ್ದರೆ ಸರಿ ಎಂದುಕೊಂಡಳು. ಕಾಯಿಸಿ, ಉಜ್ಜಿ, ಮತ್ತೆ ಕಾಯಿಸಿದ ಮೇಲೆ ವಾಸನೆ ಹೋಯಿತು. ಹೋಯಿತೋ ಮೂಗು ಸೋತಿತೋ, ಅವಳಿಗೆ ತಿಳಿಯಲಿಲ್ಲ.

ಅದಾದ ಮೇಲೆ ಮಾಡಿದ ಮೊದಲ ಕೇಕು ಶಕುಂತಲಮ್ಮನವರ ಮೊಮ್ಮಗ ಪ್ರಮಥನದು. ಶಕುಂತಲಮ್ಮ ಬಟ್ಟೆ ಅಂಗಡಿಯವರ ಮನೆಯ ಹಿರಿಯಾಕೆ, ದೀಕ್ಷೆ ಪಡೆದವರು. ನೆಂಟರ ಮನೆಗೆ ಹೋದರೂ ಕುಡಿಯುವ ನೀರನ್ನು ಚೊಂಬಿನಲ್ಲಿ ಒಯ್ಯುತ್ತಿದ್ದವರು. ನೀಲಕ್ಕನ ಕೇಕನ್ನು ಊರಿಗೆ ಊರೇ ತಿಂದದ್ದು ಅವರು ಒಂದು ತುಂಡು ತಿಂದ ಮೇಲೆ. ಕೇಕು ಹಿಂದೆಂದೂ ಬರದಷ್ಟು ಚೆನ್ನಾಗಿ ಬಂದಿತ್ತು. ಹೊಸ ವೈರಿನ ಓವನ್ ಎಲ್ಲ ಕಡೆ ಒಂದೇ ಸಮ ಬೇಯಿಸಿತ್ತು. 'ಚಿ. ಪ್ರಮಥ' ಎಂದು ಬರೆದು, ಮುಚ್ಚಿಕೊಂಡು, ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಇಳಿಸಿದಳು.

ಶಕುಂತಲಮ್ಮ ಮುಚ್ಚಳ ತೆಗೆದು ನೋಡಿದರು. ಮುಖ ಅರಳಿತು. "ಈ ವಯಸ್ನಾಗೆ ನಾನು ಹೊರಗಿಂದು ಅಂತ ಬಾಯಿಗೆ ಇಡೋದು ಇದೊಂದೇ ಕಣೇ ನೀಲಾ. ನಿನ್ ಕೈ ಮೇಲೆ ನಂಬ್ಕೆ ಐತೆ."

ಆ ಮಾತು ಅವರು ಆಡದಿದ್ದರೆ ನೀಲಾಂಬಿಕ ಹಾಗೇ ಎದ್ದು ಬರುತ್ತಿದ್ದಳು. ಹೇಳಬಾರದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದವಳು ಅವಳು. ಗಂಡನ ವಿಷಯದಲ್ಲಿ ಸುಮ್ಮನಿದ್ದದ್ದು ಬೇರೆ, ಅಲ್ಲಿ ಅವನು ತಿಂದದ್ದು ಅವನ ಹೊಟ್ಟೆಗೆ. ಇಲ್ಲಿ ಈ ಮುದುಕಿಯ ಬಾಯಿಗೆ ತಾನು ಇಡಬೇಕಿತ್ತು. ಸೊರಬದ ಕತೆಯನ್ನು ಬೇಕರಿ, ಪಫ್ಸು, ಹುಣಸೆಹಣ್ಣು ಸಮೇತ ಹೇಳಿಬಿಟ್ಟಳು.

ಶಕುಂತಲಮ್ಮ ಬೈಯಲಿಲ್ಲ. ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಅದರ ಮೇಲಿಂದ ಕೈ ತೆಗೆಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು.

"ಹೇಳ್ಬಾರದಾಗಿತ್ತು ಕಣೇ," ಎಂದರು. "ಹೇಳ್ದೇ ಇದ್ದಿದ್ರೆ ತಿಂತಿದ್ದೆ. ಪಾಪ ನಿಂದೂ ಆಗ್ತಿರ್ಲಿಲ್ಲ, ನಂದೂ ಆಗ್ತಿರ್ಲಿಲ್ಲ. ಈಗ ನಂಗೆ ಗೊತ್ತಾತಲ್ಲ."

ಮೊಮ್ಮಗನಿಗೆ ಆರತಿ ಎತ್ತಿ, ಹಳೆಯ ಪದ್ಧತಿಯಂತೆ ಪಾಯಸ ಮಾಡಿದರು. ಹುಡುಗ ಮೇಣದಬತ್ತಿ ಹಿಡಿದುಕೊಂಡು ಅತ್ತ. ಕೇಕನ್ನು, ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡಿದ್ದ ಮನೆಗೆಲಸದ ಬಸಕ್ಕನಿಗೆ ಕೊಟ್ಟರು. ಬಸಕ್ಕನ ಮನೆಯಲ್ಲಿ ಮೊಟ್ಟೆಗೆ ಏನೂ ಅಡ್ಡಿಯಿಲ್ಲ. ಶಕುಂತಲಮ್ಮ ಒಬ್ಬರಿಗೂ ಬಾಯಿ ಬಿಡಲಿಲ್ಲ, ಅದು ನಿಜ. ಆದರೆ 'ಚಿ. ಪ್ರಮಥ' ಎಂದು ಬರೆದ, ಚಾಕು ತಾಕದ ಕೇಕನ್ನು ಬಸಕ್ಕ ಹಾಡಹಗಲು ತಲೆಯ ಮೇಲಿಟ್ಟುಕೊಂಡು ಬೀದಿಯಲ್ಲಿ ಹೋದರೆ ಯಾರು ಸುಮ್ಮನಿರುತ್ತಾರೆ? ಕೇಳಿದರು. ಬಸಕ್ಕನಿಗೆ ಮುಚ್ಚಿಡುವುದು ಏನೂ ಇರಲಿಲ್ಲ. "ಮೊಟ್ಟೆ ಬೇಯಿಸಿದ್ ಡಬ್ಬೀನಾಗೆ ಮಾಡಿದ್ದಂತೆ. ನಮಗೇನ್ ಬಿಡ್ರಿ, ತಿಂತೀವಿ" ಎಂದಳು. ತಿಂದು, ಇಂಥ ಕೇಕು ಜನ್ಮದಲ್ಲಿ ತಿಂದಿರಲಿಲ್ಲ ಎಂದು ನೀಲಾಂಬಿಕಳ ಬಾಗಿಲಿಗೆ ಬಂದು ಹೇಳಿಹೋದಳು.

ಕೇಕು ಬೇಡ ಎಂದು ಯಾರೂ ಹೇಳಲಿಲ್ಲ. ಶಿಕಾರಿಪುರದ ಜನ ಹಾಗೆ ಮುಖಕ್ಕೆ ಹೊಡೆದಂತೆ ಹೇಳುವವರಲ್ಲ. ದೇವಸ್ಥಾನದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಸಿಕ್ಕವರು "ಓವನ್ ರಿಪೇರಿ ಆತೇನ್ರೀ?" ಎಂದು ವಿಚಾರಿಸುತ್ತಿದ್ದರು. ಆಯಿತು ಎಂದರೆ ಅವರ ಮುಖ ಇಳಿಯುತ್ತಿತ್ತು. "ಹೌದಾ? ಚಲೋ ಆತು ಬಿಡ್ರಿ" ಎಂದು ಬೇರೆ ಕಡೆ ನೋಡುತ್ತಿದ್ದರು. ವರ್ಷವೂ ಕೇಕು ಒಯ್ಯುತ್ತಿದ್ದ, ಬ್ಯಾಂಕಿನ ಎದುರಿನ ಮನೆಯಾಕೆಯಂತೂ ಮಗಳ ಹುಟ್ಟುಹಬ್ಬ ಹತ್ತಿರ ಬಂದಾಗ ಬೀದಿ ಬದಲಿಸಿ ನಡೆದಳು. ಈ ಮನೆಗಳ ಗಂಡಸರು ಸಂಜೆ ಬಸ್‌ಸ್ಟ್ಯಾಂಡಿನ ಹಿಂದೆ ಆಮ್ಲೆಟ್ಟಿಗೆ ನಿಲ್ಲುವುದು ತಪ್ಪಲಿಲ್ಲ. ಅವರ ಮೈಲಿಗೆ ಬಾಯಿ ತೊಳೆದರೆ ಹೋಗುತ್ತಿತ್ತು, ನೀಲಾಂಬಿಕಳ ತಗಡಿನ ಪೆಟ್ಟಿಗೆ ಮಾತ್ರ ಯಾವ ನೀರಿಗೂ ಶುದ್ಧವಾಗಲಿಲ್ಲ. ಇದನ್ನು ನೆನೆದರೆ ಅವಳಿಗೆ ಮೈ ಉರಿಯುತ್ತಿತ್ತು. ಆದರೆ ಯಾರ ಮೇಲೆ ಸಿಟ್ಟಾಗುವುದು? ತಾನೇ ಆ ಓವನ್ನಿನಲ್ಲಿ ಮಾಡಿದ್ದನ್ನು ಅವತ್ತಿನಿಂದ ಬಾಯಿಗಿಟ್ಟಿರಲಿಲ್ಲ.

ಮೈದಾಕ್ಕೆ ಹುಳ ಬಿದ್ದಿತು. ಡಬ್ಬಿಹಾಲನ್ನು ದೀಪಶ್ರೀ ಚಹಾಕ್ಕೆ ಹಾಕಿಕೊಂಡು ಮುಗಿಸಿದಳು. ಹಿತ್ತಲಿನ ಒಲೆ ಒಂದು ಹೊತ್ತಿಗೆ ಇಳಿಯಿತು, ಇನ್ನೊಂದು ಹೊತ್ತು ತಾಯಿ ಮಗಳು ಮೈದುನನ ಮುಂದಿನ ಮನೆಯಲ್ಲಿ ಉಂಡರು. ಆಮೇಲೆ ಎರಡೂ ಹೊತ್ತು. "ಅಕ್ಕಾ, ಒಂಚೂರು ಬರ್ತೀರಾ?" ಎಂದು ಗಂಗಾಶ್ರೀ ಕರೆದರೆ ಈಗ ತಡಮಾಡಲು ಕಾರಣವಿರಲಿಲ್ಲ. ಹಿತ್ತಲಿನಲ್ಲಿ ಓವನ್ ಮಾತ್ರ ಹಸಿರು ಅಂಕಿಗಳಲ್ಲಿ ಗಂಟೆ ತೋರಿಸುತ್ತಾ, ಏನೂ ಆಗಿಲ್ಲವೆಂಬಂತೆ ಕುಳಿತಿತ್ತು.

ಒಂದು ಮಧ್ಯಾಹ್ನ, ಮುಂದಿನ ಮನೆಯ ಪಾತ್ರೆ ತೊಳೆದು ಬಂದವಳು ಅದರ ಎದುರು ಬಹಳ ಹೊತ್ತು ಕುಳಿತಳು. ಊರು ತನ್ನಿಂದ ಏನು ಕೇಳಬಯಸುತ್ತಿದೆ ಎಂಬುದು ಅವಳಿಗೆ ಅರ್ಥವಾಗಿತ್ತು. ರಿಪೇರಿ ಆಗಲಿಲ್ಲ ಎಂದರೆ ಎಲ್ಲರಿಗೂ ನಿರಾಳ. ಕೆಟ್ಟುಹೋದ ಓವನ್ನಿನವಳಿಗೆ ಅಯ್ಯೋ ಪಾಪ ಎನ್ನಬಹುದು, ಬೀದಿ ಬದಲಿಸಬೇಕಾಗಿಲ್ಲ. ಮೈಲಿಗೆಯ ಓವನ್ನಿನವಳಿಗೆ ಏನೆನ್ನುವುದು? ಎದ್ದು ಸ್ವಿಚ್ಚು ಆರಿಸಿದಳು. ವೀರೇಶ ಬಿಟ್ಟುಹೋಗಿದ್ದ ಸ್ಕ್ರೂಡ್ರೈವರಿನಿಂದ ಹಿಂಬದಿ ಬಿಚ್ಚಿದಳು. ಬಿಳಿ ವೈರಿನ ಪಿನ್ನನ್ನು ಎಳೆದು, ತುದಿಯನ್ನು ಮಡಚಿ ಪಕ್ಕಕ್ಕೆ ಸಿಕ್ಕಿಸಿ, ತಗಡು ಮುಚ್ಚಿದಳು. ಕರೆಂಟು ಕೊಟ್ಟಾಗ ಓವನ್ ಕೀಂ ಎಂದಿತು.

"ಇಲ್ಲ ಕಣ್ರೀ, ಮತ್ತೆ ಕೆಟ್ಟೋತು" ಎಂದು ಹೇಳತೊಡಗಿದಳು. ಜನ ಅಯ್ಯೋ ಎಂದರು. ನಿಂತು ಮಾತಾಡಿಸಿದರು. ಬ್ಯಾಂಕಿನ ಎದುರಿನ ಮನೆಯಾಕೆ ತನ್ನ ಮನೆಯ ಮದುವೆಗೆ ಶಾವಿಗೆ ಹೊಸೆಯಲು ಕರೆದಳು.

ಸುಮ್ಮನಿರದವನು ಕೊಟ್ರೇಶ. ತನ್ನ ಅತ್ತಿಗೆಗೆ ಸೊರಬದವನು ಟೋಪಿ ಹಾಕಿದ ಎಂದು ಅಂಗಡಿಗೆ ಬಂದವರೆದುರು ಕೂಗಾಡಿದ, ಯಾರ ಕೈಯಲ್ಲೋ ಹೇಳಿಯೂ ಕಳಿಸಿದ. ಮರುದಿನವೇ ರೇಣುಕಾಪ್ರಸಾದರು ಮೀಟರಿನ ಚೀಲ ಹಿಡಿದು ಬಂದಿಳಿದರು. ಮುಖ ಸಣ್ಣದಾಗಿತ್ತು. "ನಾನು ಹಾಕಿದ್ ವೈರು ಹೋಗೋ ಮಾತೇ ಇಲ್ಲ ಅಕ್ಕಾ, ನೋಡ್ತೀನಿ ತಡೀರಿ" ಎಂದು ಹಿತ್ತಲಿನ ಕೋಣೆಯಲ್ಲಿ ಓವನ್ ತಿರುಗಿಸಿ ಕುಳಿತರು. ಕೊಟ್ರೇಶ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾದ. ನೀಲಾಂಬಿಕ ಬಾಗಿಲಿಗೆ ಒರಗಿ ನಿಂತಳು.

ತಗಡು ಬಿಚ್ಚಿದ ರೇಣುಕಾಪ್ರಸಾದರು ಮೀಟರ್ ಹೊರಗೆ ತೆಗೆಯಲೇ ಇಲ್ಲ. ಜೋಪಾನವಾಗಿ ಮಡಚಿ ಸಿಕ್ಕಿಸಿದ್ದ ವೈರನ್ನು ನೋಡಿದರು. ಅದು ತಾನಾಗಿ ಕಳಚಿದ್ದಲ್ಲ ಎನ್ನಲು ಯಾವ ಮೀಟರೂ ಬೇಕಿರಲಿಲ್ಲ. ಕೈ ಪಿನ್ನಿನ ಕಡೆ ಹೋಯಿತು. ಒಮ್ಮೆ ಒತ್ತಿದರೆ ಸಾಕಿತ್ತು, ಅವರ ಹೆಸರು ಉಳಿಯುತ್ತಿತ್ತು.

"ಹಂಗೇ ಮುಚ್ಚಿಬಿಡ್ರೀ" ಎಂದಳು ನೀಲಾಂಬಿಕ. ಅವಳ ದನಿ ಅಂಗಳದವರೆಗೆ ಹೋಗಲಿಲ್ಲ.

ರೇಣುಕಾಪ್ರಸಾದರು ಅವಳನ್ನು ನೋಡಿದರು. ಯಾಕೆ ಎಂದು ಕೇಳಲಿಲ್ಲ. ಪಫ್ಸಿನ ಟ್ರೇ ಅವರ ಕಣ್ಣೆದುರು ಬಂದಿರಬೇಕು, ತಲೆ ತಗ್ಗಿಸಿದರು. ತಗಡು ಇಟ್ಟು, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದರು.

"ಏನಾಗೈತ್ರೀ ಅದಕ್ಕೆ?" ಅಂಗಳದಿಂದ ಕೊಟ್ರೇಶ ಗುಡುಗಿದ.

ರೇಣುಕಾಪ್ರಸಾದರು ಮೀಟರಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದರು.

"ತಪ್ಪು ನಂದೇ ಕಣ್ರೀ," ಎಂದರು. "ಇದು ಇನ್ನು ರಿಪೇರಿ ಆಗಲ್ಲ."

ಕೊಟ್ರೇಶ ಬಾಯಿಗೆ ಬಂದಂತೆ ಬೈದ. ಅವರು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಒಳಮನೆಯಿಂದ ಗಂಗಾಶ್ರೀ "ಅಕ್ಕಾ, ಒಂಚೂರು ಬರ್ತೀರಾ?" ಎಂದಳು. "ಬಂದೆ" ಎಂದು ನೀಲಾಂಬಿಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.